ಮದ್ದಿನ ಮಾತು: ತಲೆಗೆ ಮ್ಯಾಗ್ನೆಟ್ ಇಟ್ಟರೆ ಯುದ್ಧದ ಕನಸು ಹೋಗುತ್ತಾ?

ಪ್ರಶ್ನೆ: ಅಪ್ಪ ಸೇನೆಯಿಂದ ನಿವೃತ್ತರಾದವರು, ಕಾಶ್ಮೀರದಲ್ಲಿ ಇದ್ದು ಬಂದವರು. ಕೈಲ್‌ಪೊಳ್ದ್, ಅಂದರೆ ನಮ್ಮ ಕೊಡಗಿನ ಆಯುಧದ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯೋದರಲ್ಲಿ ಒಂದು ಕಾಲದಲ್ಲಿ ಊರಿಗೇ ಮುಂದು. ಈಗ ಆ ದಿನ ಬಾಗಿಲು ಹಾಕಿಕೊಂಡು ಒಳಗೇ ಕೂರುತ್ತಾರೆ. ರಾತ್ರಿ ಕಿರುಚಿ ಏಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿರುವ ತಮ್ಮ ಒಂದು ವಿಡಿಯೋ ಕಳಿಸಿದ್ದಾನೆ. ಅಲ್ಲಿ ಮಾಜಿ ಸೈನಿಕರ ಮೆದುಳಿನ ಅಲೆ ಅಳೆದು, ಅವರವರಿಗೆ ತಕ್ಕ ಹಾಗೆ ಮ್ಯಾಗ್ನೆಟ್ ಚಿಕಿತ್ಸೆ ಕೊಡುತ್ತಾರಂತೆ. ಅಪ್ಪನನ್ನು ಕರೆದುಕೊಂಡು ಹೋಗೋಣವೇ? – ಓದುಗರು, ಸೋಮವಾರಪೇಟೆ

ಉತ್ತರ: ಟಿಕೆಟ್ ಈಗಲೇ ಮಾಡಿಸಬೇಡಿ. ಮ್ಯಾಗ್ನೆಟ್ ಚಿಕಿತ್ಸೆ ಸುಳ್ಳಲ್ಲ. ಇದರ ಹೆಸರು ಟಿಎಂಎಸ್. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೋನಿ ಬಾರ್ಕರ್ ಮತ್ತು ಜೊತೆಗಾರರು ಮೊದಲು ಮಾಡಿ ತೋರಿಸಿದರು. ತಲೆಯ ಮೇಲೆ ತಂತಿಯ ಸುರುಳಿ ಹಿಡಿದು ಕ್ಷಣಮಾತ್ರ ಜೋರು ಕರೆಂಟ್ ಹರಿಸಿದರೆ ಕಾಂತಶಕ್ತಿ ತಲೆಬುರುಡೆ ದಾಟಿ ಒಳಗಿನ ನರಕೋಶಗಳನ್ನು ತಟ್ಟಿ ಎಬ್ಬಿಸುತ್ತದೆ. ಕುಯ್ಯೋದಿಲ್ಲ, ಪ್ರಜ್ಞೆ ತಪ್ಪಿಸೋದಿಲ್ಲ.

ನಾನೂ ಒಮ್ಮೆ ಆ ಕುರ್ಚಿಯಲ್ಲಿ ಕೂತಿದ್ದೆ, ಸುಮ್ನೆ ಕುತೂಹಲಕ್ಕೆ. ಎಷ್ಟು ಜೋರು ಬೇಕು ಅಂತ ಮೊದಲು ನೋಡುತ್ತಾರೆ. ಟಕ್ ಅಂತ ಒಂದು ಸದ್ದು, ಮರಕುಟಿಗ ಕುಕ್ಕಿದ ಹಾಗೆ. ನಾನು ಏನೂ ಮಾಡದೆ ಬಲಗೈ ಹೆಬ್ಬೆರಳು ತಾನಾಗಿ ಎಗರಿತು! ಮೆದುಳಿನಲ್ಲಿ ಆ ಬೆರಳಿನ ಜಾಗವನ್ನು ಯಾರೋ ಹೊರಗಿನಿಂದ ಮೀಟಿದ್ದರು, ಅಷ್ಟೇ. ಒಬ್ಬೊಬ್ಬರ ಬೆರಳು ಒಂದೊಂದು ಮಟ್ಟಕ್ಕೆ ಎಗರುತ್ತದೆ. ಅಂದರೆ ಮಾಮೂಲಿ ಟಿಎಂಎಸ್‌ನಲ್ಲೂ ಒಂದಿಷ್ಟು 'ನಿಮಗೆ ತಕ್ಕ ಹಾಗೆ' ಇದ್ದೇ ಇದೆ.

ನಿಮ್ಮ ತಮ್ಮ ಹೇಳುತ್ತಿರೋದು ಅದಕ್ಕಿಂತ ಮುಂದಿನದು. ಇಇಜಿ, ಅಂದರೆ ಮೆದುಳಿನ ಅಲೆಯ ಪರೀಕ್ಷೆ ಮಾಡಿ, ಕಣ್ಣು ಮುಚ್ಚಿದಾಗ ಏಳುವ ಆಲ್ಫಾ ಅಲೆ ನಿಮ್ಮ ಅಪ್ಪನಲ್ಲಿ ಸೆಕೆಂಡಿಗೆ ಎಷ್ಟು ಸಲ ಅಂತ ನೋಡುತ್ತಾರೆ. ಸಾಮಾನ್ಯವಾಗಿ ಅದು 8ರಿಂದ 13. ಮ್ಯಾಗ್ನೆಟ್ಟಿನ ತಾಳವನ್ನೂ ಅದಕ್ಕೇ ಕೂಡಿಸುತ್ತಾರೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಹಾಗೆ ಕೂಡಿಸಿದರೆ ಮಾಮೂಲಿ ಚಿಕಿತ್ಸೆಗಿಂತ ಜಾಸ್ತಿ ಗುಣವಾಗುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಬೇಕು, ವಿಡಿಯೋ ಸಾಲದು. ಔಷಧಿ, ಚಿಕಿತ್ಸಾ ಯಂತ್ರಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ, ಟಿಎಂಎಸ್‌ಗೆ 2008ರಲ್ಲಿ ಖಿನ್ನತೆಗೆ, 2018ರಲ್ಲಿ ಒಸಿಡಿ ಎಂಬ ಗೀಳು ಕಾಯಿಲೆಗೆ ಒಪ್ಪಿಗೆ ಕೊಟ್ಟಿತು. ಆಘಾತದ ನಂತರ ಉಳಿಯುವ ಈ ತೊಂದರೆ, ಅಂದರೆ ಪಿಟಿಎಸ್‌ಡಿಗೆ, ಕೊಟ್ಟಿಲ್ಲ. ಅಲ್ಲಿನ ಮಾಜಿ ಸೈನಿಕರ ಇಲಾಖೆ ಮತ್ತು ರಕ್ಷಣಾ ಇಲಾಖೆ ಸೇರಿ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ಕೂಡ, ಬೇಕು ಅನ್ನೋಕೂ ಬೇಡ ಅನ್ನೋಕೂ ಪುರಾವೆ ಸಾಲದು ಎಂದಿತು.

ಒಂದು ಅಧ್ಯಯನವಿದೆ, ನನ್ನನ್ನು ತುಂಬಾ ಕಾಡಿದ್ದು. 2018ರಲ್ಲಿ ಪ್ರಕಟವಾಯಿತು. ಔಷಧಿಗೆ ಬಗ್ಗದ ಖಿನ್ನತೆ ಇದ್ದ 164 ಅಮೆರಿಕನ್ ಮಾಜಿ ಸೈನಿಕರು. ಅವರಲ್ಲಿ ಅನೇಕರಿಗೆ ಪಿಟಿಎಸ್‌ಡಿಯೂ ಇತ್ತು. ಕೆಲವರಿಗೆ ನಿಜವಾದ ಟಿಎಂಎಸ್, ಕೆಲವರಿಗೆ ನಕಲಿ. ಯಾರಿಗೆ ಯಾವುದು ಅಂತ ಅವರಿಗೆ ಹೇಳಿರಲಿಲ್ಲ. ನಿಜದ್ದು ಸಿಕ್ಕವರಲ್ಲಿ ಸುಮಾರು 41% ಜನರ ಖಿನ್ನತೆ ಹೋಯಿತು. ನಕಲಿ ಸಿಕ್ಕವರಲ್ಲಿ? 37%. ನನಗನ್ನಿಸೋದು ಇಷ್ಟು: ವಾರಗಟ್ಟಲೆ ಬೆಳಿಗ್ಗೆ ಎದ್ದು, ಶೇವ್ ಮಾಡಿ, ಒಂದು ಕಡೆ ಹೋಗಿ, ತನ್ನ ಹೆಸರು ಹಿಡಿದು ಮಾತಾಡಿಸುವ ಜನರ ನಡುವೆ ಕೂತು ಬರೋದರಲ್ಲೇ ಒಂದು ಮದ್ದು ಇತ್ತು. ಹಾಗಂತ ಟಿಎಂಎಸ್ ದಂಡ ಅಂತಲ್ಲ, ಬೇರೆ ಅಧ್ಯಯನಗಳಲ್ಲಿ ಖಿನ್ನತೆಗೆ ಅದು ಕೆಲಸ ಮಾಡಿದೆ. ಆದರೆ ವಿಡಿಯೋದಲ್ಲಿ 'ನಾನು ಬದಲಾದೆ' ಅನ್ನುವವರನ್ನು ಬದಲಿಸಿದ್ದು ಮ್ಯಾಗ್ನೆಟ್ಟೇ ಅಂತ ಹೇಳೋದು ಹೇಗೆ?

ಮೊದಲು ಊರಲ್ಲೇ ಆಗುವುದನ್ನು ಮಾಡಿ. ಪಿಟಿಎಸ್‌ಡಿಗೆ ಅತಿ ಹೆಚ್ಚು ಪುರಾವೆ ಇರೋದು ಮಾತಿನ ಚಿಕಿತ್ಸೆಗೆ. ಹೆದರಿಸುವ ನೆನಪನ್ನು ತರಬೇತಿ ಪಡೆದ ತಜ್ಞರ ಎದುರು ಮೆಲ್ಲಗೆ, ಮತ್ತೆ ಮತ್ತೆ ಬಿಚ್ಚಿಡುವುದು. ಸರ್ಟ್ರಲಿನ್‌ನಂಥ ಮಾತ್ರೆಗಳೂ ಇವೆ, ವೈದ್ಯರು ಬರೆದುಕೊಟ್ಟರೆ ಮಾತ್ರ. ಅಪ್ಪನಿಗೆ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡ್ ಇದ್ದರೆ ಅಲ್ಲಿಂದ ಶುರು ಮಾಡಿ. ಯಾರಿಗೂ ಗೊತ್ತಾಗಬಾರದು ಅಂತ ಹಟ ಹಿಡಿದರೆ 14416ಕ್ಕೆ ಫೋನ್ ಮಾಡಿಸಿ. ಅದು ಸರ್ಕಾರದ ಟೆಲಿ ಮಾನಸ್, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇವೆಲ್ಲ ಆದ ಮೇಲೂ ಟಿಎಂಎಸ್ ಬೇಕು ಅನ್ನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ, ಕ್ಯಾಲಿಫೋರ್ನಿಯಾ ಯಾಕೆ?

ಪ್ರಶ್ನೆ: ಯಜಮಾನರ ತಲೆಯಲ್ಲಿ ಬಾಂಬಿನ ಚೂರು ಉಳಿದಿದೆ. ಅವರಿಗೆ ಟಿಎಂಎಸ್ ಮಾಡಬಹುದಾ? – ಓದುಗರು, ಹಾಸನ

ಉತ್ತರ: ಲೋಹ ತಲೆಯ ಒಳಗಿದ್ದರೆ ಸಾಮಾನ್ಯವಾಗಿ ಮಾಡೋದಿಲ್ಲ. ಬಿಸಿಯಾಗಬಹುದು, ಅಲುಗಬಹುದು. ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕೇಳಿಸಲು ಕೂರಿಸಿದ ಸಾಧನ ಇದ್ದವರಿಗೂ ಇದೇ ಮಾತು. ಹಿಂದೆ ಫಿಟ್ಸ್ ಬಂದಿದ್ದರೆ ಮುಚ್ಚಿಡದೆ ಹೇಳಿ, ಅಪರೂಪಕ್ಕೆ ಈ ಚಿಕಿತ್ಸೆಯಿಂದಲೂ ಫಿಟ್ಸ್ ಬರುವುದುಂಟು. ಹಳೆಯ ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಹಿಡಿದುಕೊಂಡೇ ಹೋಗಿ.

ಪ್ರಶ್ನೆ: ಮ್ಯಾಗ್ನೆಟ್ ದಿಂಬು ಮಾರೋಕೆ ಬಂದಿದ್ದರು. ಅದೂ ಇದೇನಾ? – ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ. ಟಿಎಂಎಸ್‌ನಲ್ಲಿ ಕೆಲಸ ಮಾಡೋದು ಕ್ಷಣಕ್ಷಣ ಏರಿ ಇಳಿಯುವ ಕಾಂತಶಕ್ತಿ, ಅದೂ ಎಂಆರ್‌ಐ ಯಂತ್ರದಷ್ಟು ಜೋರು. ದಿಂಬಿನೊಳಗಿನ ಮ್ಯಾಗ್ನೆಟ್ ಸುಮ್ನೆ ಬಿದ್ದಿರುತ್ತದೆ, ಫ್ರಿಜ್ ಬಾಗಿಲಿಗೆ ಅಂಟಿಸಿದ್ದರ ಹಾಗೆ. ಕುತ್ತಿಗೆ ನೋವು ಬೇಕಿದ್ದರೆ ಕೊಳ್ಳಿ.