ಹೊಟ್ಟೆಹುಳು ಪತ್ತೆಮಾಡುವ ಮಲಪರೀಕ್ಷೆಯಲ್ಲಿ ಗ್ಲಿಸರಿನ್ ಯಾಕೆ ಬಳಸುತ್ತಾರೆ?

ಸ್ಲೈಡ್ ಮೇಲಿನ ಮಲವನ್ನು ಪಾರದರ್ಶಕ ಮಾಡಲು. ಕೇಟೊ-ಕಾಟ್ಜ್ ಎಂಬ ಈ ವಿಧಾನ 1954ರಲ್ಲಿ ಜಪಾನಿನಲ್ಲಿ ಶುರುವಾಯಿತು; 1972ರಲ್ಲಿ ಬ್ರೆಜಿಲ್‌ನ ಸಂಶೋಧಕರು ಅದನ್ನು ಮೊಟ್ಟೆ ಎಣಿಸುವ ಪರೀಕ್ಷೆಯಾಗಿ ತಿದ್ದಿದರು. ಜಾಲರಿಯಲ್ಲಿ ಸೋಸಿದ ಮಲವನ್ನು ತೂತಿರುವ ಅಚ್ಚಿನಲ್ಲಿ ತುಂಬಿ ಅಳೆಯುತ್ತಾರೆ, ಸಾಮಾನ್ಯವಾಗಿ 41.7 ಮಿಲಿಗ್ರಾಂ. ಅದರ ಮೇಲೆ ಗ್ಲಿಸರಿನ್ ಮತ್ತು ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣ ಬೆರೆಸಿದ ದ್ರಾವಣದಲ್ಲಿ ನೆನೆಸಿದ ಸೆಲ್ಲೋಫೇನ್ ತುಂಡು ಇಟ್ಟು ಒತ್ತುತ್ತಾರೆ. ಗ್ಲಿಸರಿನ್ ಒಳಗಿಳಿದಂತೆ ಕಲ್ಮಶವೆಲ್ಲ ತಿಳಿಯಾಗಿ ಮೊಟ್ಟೆಗಳು ಕಾಣುತ್ತವೆ. ಎಣಿಕೆಯನ್ನು 24ರಿಂದ ಗುಣಿಸಿದರೆ ಒಂದು ಗ್ರಾಂಗೆ ಎಷ್ಟು ಮೊಟ್ಟೆ ಎಂದು ಗೊತ್ತಾಗುತ್ತದೆ.

ಆದರೆ ಕೊಕ್ಕೆಹುಳುವಿನ ವಿಷಯದಲ್ಲಿ ಇದೇ ಗ್ಲಿಸರಿನ್ ತೊಂದರೆ ಕೊಡುತ್ತದೆ. ಅದರ ಮೊಟ್ಟೆಯ ಚಿಪ್ಪು ತೀರಾ ತೆಳು. ಹೆಚ್ಚು ಹೊತ್ತು ಬಿಟ್ಟರೆ ಮಲದ ಜೊತೆಗೆ ಮೊಟ್ಟೆಯೂ ಕಣ್ಮರೆಯಾಗುತ್ತದೆ. ಹಾಗಾಗಿ ಸ್ಲೈಡನ್ನು 30ರಿಂದ 60 ನಿಮಿಷದೊಳಗೆ ನೋಡಲೇಬೇಕು. ದಪ್ಪ ಚಿಪ್ಪಿನ ದುಂಡುಹುಳುವಿನ (ಆಸ್ಕರಿಸ್) ಮೊಟ್ಟೆಗೆ ಈ ಅವಸರವಿಲ್ಲ.

ಇದು ಸಣ್ಣ ವಿಷಯವಲ್ಲ. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ತಡವಾಗಿ ನೋಡಿದ ಸ್ಲೈಡಿನಿಂದ ‘ಹುಳು ಇಲ್ಲ’ ಎಂಬ ವರದಿ ಬಂದರೆ, ಮೊದಲೇ ರಕ್ತಹೀನತೆಯಿಂದ ಬಳಲುವ ಗರ್ಭಿಣಿಗೆ ಅಥವಾ ಮಗುವಿಗೆ ಚಿಕಿತ್ಸೆಯೇ ತಪ್ಪಿಹೋಗಬಹುದು. ಸೋಂಕು ಕಡಿಮೆಯಿದ್ದಾಗ ಒಂದೇ ಸ್ಲೈಡನ್ನು ನಂಬಬಾರದು. ಬೇರೆ ಬೇರೆ ದಿನದ ತಾಜಾ ಮಾದರಿ ಕೊಡುವುದು ಒಳ್ಳೆಯದು.