ಕ್ಯಾನ್ಸಸ್‌ನಲ್ಲಿ ಕರು ಮೇಯಿಸುವುದನ್ನು ಕಲಿಯಬೇಕು ಅಂದ ತಮ್ಮನಿಗೆ

ತಮ್ಮಾ, ಹಾಸನದಲ್ಲಿ ಮನೆ ಹಸುಗಳ ಜೊತೆ ಬೆಳೆದವನು, ಈಗ ಕೆಲಸಕ್ಕೆ ಅಂತ ಕ್ಯಾನ್ಸಸ್‌ನ ಮ್ಯಾನ್‌ಹಟನ್‌ಗೆ ಬಂದಿದ್ದೀಯ, ಮುಂದೆ ಹುಲ್ಲುಗಾವಲು ಗುತ್ತಿಗೆ ಹಿಡಿದು ಕರು ಮೇಯಿಸುವ ಆಸೆ, ಅದನ್ನು ಕಲಿಸುವವರು ಇದ್ದಾರಾ ಅಂತ ಕೇಳಿದ್ದೀಯ. ಇದ್ದಾರೆ, ನೀನಿರುವ ಮ್ಯಾನ್‌ಹಟನ್‌ನಲ್ಲೇ ಇದ್ದಾರೆ. ಆದರೆ ನಿನ್ನ ವೀಸಾದಲ್ಲಿ ಸ್ವಂತ ವ್ಯವಹಾರ ಮಾಡಬಹುದಾ ಅಂತ ಮೊದಲು ವಕೀಲರನ್ನು ಕೇಳು. ಇದು ಹಾಲಿನ ಕೆಲಸ ಅಲ್ಲ, ಈ ದನ ಕೊನೆಗೆ ಮಾಂಸಕ್ಕೇ ಹೋಗುವುದು. ಮನೆಯವರ ಜೊತೆ ಕೂತು ಅದನ್ನೂ ಮಾತಾಡಿಕೋ.

ಇಲ್ಲಿ ತಾಯಿ ಹಾಲು ಬಿಟ್ಟ ಕರುಗಳನ್ನು ಕೊಂಡು, ಹುಲ್ಲಿನ ಮೇಲೆ ತೂಕ ಏರಿಸಿ, ಫೀಡ್‌ಲಾಟ್‌ಗೆ, ಅಂದರೆ ಕಾಳು ತಿನ್ನಿಸಿ ಕೊಬ್ಬಿಸುವ ದೊಡ್ಡಿಗೆ, ಮಾರುತ್ತಾರೆ. ಸ್ಟಾಕರ್ ಅನ್ನುವುದು ಇದಕ್ಕೇ. ಅಲ್ಲಿನ ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿಯವರು ಇದನ್ನು ಕಲಿಸಲು ಅಂತಲೇ ಬೀಫ್ ಸ್ಟಾಕರ್ ಫೀಲ್ಡ್ ಡೇ ಅನ್ನುವ ಕಾರ್ಯಕ್ರಮ ನಡೆಸುತ್ತಾರೆ, ತಪ್ಪಿಸಬೇಡ. ನಿನ್ನ ಕೌಂಟಿಯ ಎಕ್ಸ್‌ಟೆನ್ಷನ್ ಆಫೀಸಿಗೂ ಹೋಗು. ಯೂನಿವರ್ಸಿಟಿಯ ವಿದ್ಯೆ ರೈತನ ಬಾಗಿಲಿಗೆ ಬರಬೇಕು ಅಂತ 1914ರಲ್ಲೇ ಕಾನೂನು ಮಾಡಿ ಶುರುಮಾಡಿದ ವ್ಯವಸ್ಥೆ ಅದು, ಕೇಳಲು ಸಂಕೋಚ ಬೇಡ. ಮಾಂಸದ ಗುಣಮಟ್ಟ ಕಾಯುವುದನ್ನು ಕಲಿಸುವ ಬೀಫ್ ಕ್ವಾಲಿಟಿ ಅಶ್ಯೂರೆನ್ಸ್ ತರಬೇತಿಯನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ಮುಗಿಸಬಹುದು. ಚುಚ್ಚುಮದ್ದು ಕುತ್ತಿಗೆಗೇ ಕೊಡಬೇಕು, ತೊಡೆಗೆ ಕೊಟ್ಟರೆ ಒಳ್ಳೆಯ ಮಾಂಸ ಹಾಳು ಅನ್ನುವಂಥದ್ದನ್ನೆಲ್ಲ ಅಲ್ಲೇ ಹೇಳಿಕೊಡುತ್ತಾರೆ.

ಹುಲ್ಲಿನ ಪಾಠ ನೋಡಬೇಕು ಅಂದರೆ ಫ್ಲಿಂಟ್ ಹಿಲ್ಸ್ ಅನ್ನುವ ಹುಲ್ಲುಗಾವಲಿನ ಬೆಟ್ಟಸಾಲು ನಿನ್ನ ಮನೆ ಹತ್ತಿರವೇ ಇದೆ. ವಸಂತದಲ್ಲಿ ಬೆಟ್ಟಗಳಿಗೆ ಬೆಂಕಿ ಹಾಕುತ್ತಾರೆ, ಆಮೇಲೆ ಬರುವ ಎಳೆ ಹುಲ್ಲಿಗೆ ಮೇ ತಿಂಗಳ ಹೊತ್ತಿಗೆ ಮಾಮೂಲಿಗಿಂತ ಎರಡರಷ್ಟು ಕರು ಬಿಟ್ಟು, ಜುಲೈ ಮಧ್ಯಕ್ಕೆ ಹೊರಗೆ ತೆಗೆಯುವವರೂ ಇದ್ದಾರೆ, ಯಾಕೆಂದರೆ ಅಲ್ಲಿಂದ ಮುಂದೆ ಹುಲ್ಲು ಬಲಿತು ಸತ್ವ ಇಳಿಯುತ್ತದೆ.

ಆದರೆ ದುಡ್ಡು ಹೋಗುವುದು ಹುಲ್ಲಿನಲ್ಲಿ ಅಲ್ಲ, ಕೊಳ್ಳುವುದರಲ್ಲಿ. ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ: 500 ಪೌಂಡಿನ ಕರುವನ್ನು ಪೌಂಡಿಗೆ 3 ಡಾಲರ್‌ನಂತೆ ತಂದರೆ 1,500. ತೂಕ ಏರಿದಂತೆ ಪೌಂಡಿನ ದರ ಸಾಮಾನ್ಯವಾಗಿ ಇಳಿಯುತ್ತದೆ, ಅದಕ್ಕೆ 750 ಪೌಂಡ್ ಆದಾಗ ಎರಡೂವರೆ ಡಾಲರ್ ಸಿಕ್ಕಿತು ಅನ್ನು, 1,875. ನೀನು ಏರಿಸಿದ 250 ಪೌಂಡಿಗೆ ಬಂದದ್ದು 375 ಡಾಲರ್ ಅಷ್ಟೇ, ಗುತ್ತಿಗೆ, ಔಷಧ, ಬಡ್ಡಿ, ಸತ್ತ ಕರು ಎಲ್ಲ ಅದರಲ್ಲೇ ಕಳೆಯಬೇಕು.

ನಾನು ಮೊದಲ ವರ್ಷ ಅಗ್ಗ ಅಂತ ಒಂದು ಹರಾಜಿನಲ್ಲಿ ಬೀಜ ಒಡೆಯದ, ಲಸಿಕೆ ಹಾಕದ ಕರುಗಳನ್ನು ತಂದೆ. ಬೇರೆ ಬೇರೆ ಮಂದೆಯವು, ಲಾರಿಯಲ್ಲಿ ದಣಿದು ಬಂದಿದ್ದವು. ಹತ್ತು ದಿನದೊಳಗೆ ಕೆಮ್ಮು, ಜ್ವರ, ಮೂಗು ಸೋರುವುದು. ಆರು ಕರು ಹೋದವು. ಒಂದೊಂದು ಹೋದಾಗಲೂ ಆದ ಸಂಕಟ ಈಗಲೂ ಮರೆತಿಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲ ವರ್ಷ ಒಂದು ಕರುವನ್ನೂ ಕೊಳ್ಳಬೇಡ. ಫೀಲ್ಡ್ ಡೇಯಲ್ಲಿ ಪಕ್ಕ ಕೂತ ರ್‍ಯಾಂಚಿನವರನ್ನು ಮಾತಾಡಿಸು. ಮುಂದಿನ ಸಲ ನಿಮ್ಮಲ್ಲಿ ಲಾರಿಯಿಂದ ಕರು ಇಳಿಸುವ ದಿನ ಬಂದು ನೋಡಬಹುದಾ ಅಂತ ಕೇಳು.