ಸೋಪು ಬಚ್ಚಿಡಬೇಡಿ, ಉತ್ತರ ಕಡಿಮೆ ಮಾಡಿ

ಹೊಳೆನರಸೀಪುರ ಕಡೆಯ ತಾಯಿಯೊಬ್ಬರ ಪತ್ರದ ಸಾರ: ಒಂಬತ್ತು ವರ್ಷದ ಮಗಳು ಕೆಲವು ತಿಂಗಳಿಂದ ಕೈ ತೊಳೆಯುತ್ತಲೇ ಇರುತ್ತಾಳೆ. ಚಿಲಕವನ್ನು ಮೊಣಕೈಯಲ್ಲಿ ತಳ್ಳುತ್ತಾಳೆ. ಕೊಟ್ಟಿಗೆಯಿಂದ ಬಂದ ತಾತನನ್ನು ಹತ್ತಿರ ಸೇರಿಸುವುದಿಲ್ಲ. ಶಾಲೆಯಲ್ಲಿ ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರೇ ಕುಡಿಯುವುದಿಲ್ಲ. ಅಪ್ಪ ಗದರುತ್ತಾರೆ, ಅಜ್ಜಿ ತಟ್ಟೆಯನ್ನು ಮತ್ತೆ ಮತ್ತೆ ತೊಳೆದು ಕೊಡುತ್ತಾರೆ. 'ಸೋಪು ಬಚ್ಚಿಡಲೋ, ಅವಳು ಹೇಳಿದಂತೆ ಕೇಳಲೋ?'

ಉತ್ತರ: ಎರಡೂ ಬೇಡ, ತಾಯಿ.

ಬಚ್ಚಿಟ್ಟರೆ ಶಾಂಪೂ, ಪಾತ್ರೆ ಪುಡಿ, ಕೊನೆಗೆ ಬರೀ ನೀರಾದರೂ ಆದೀತು. ಹೇಳಿದಂತೆ ಕೇಳಿದರೆ ಭಯಕ್ಕೆ ಮನೆಮಂದಿಯೇ ಆಳುಗಳಾಗುತ್ತೀರಿ. ಕೈ ತೊಳೆದ ಕೂಡಲೇ ಮಗುವಿಗೆ ನೆಮ್ಮದಿ ಸಿಗುತ್ತದೆ, ತೊಡಕಿರುವುದೇ ಅಲ್ಲಿ. 'ತೊಳೆದದ್ದಕ್ಕೇ ಬಚಾವಾದೆ' ಎಂದು ಮನಸ್ಸು ನಂಬಿಬಿಡುತ್ತದೆ, ಮುಂದಿನ ಸಲ ಇನ್ನೂ ಹೆಚ್ಚು ತೊಳೆಸುತ್ತದೆ. ದಿನಕ್ಕೆ ಒಂದು ಗಂಟೆಗೂ ಮೀರಿ ಇದರಲ್ಲೇ ಹೋಗುತ್ತಿದ್ದರೆ, ಊಟ, ಶಾಲೆ, ಆಟಕ್ಕೆ ಅಡ್ಡಿಯಾಗುತ್ತಿದ್ದರೆ ಓಸಿಡಿ ಎಂಬ ಗೀಳು ಕಾಯಿಲೆ ಇದೆಯೇ ಎಂದು ವೈದ್ಯರಿಗೆ ತೋರಿಸಲೇಬೇಕು.

ಅಜ್ಜಿಯ ಮಡಿಯಿಂದ ಕಲಿತಳೇನೋ ಎಂದೂ ಬರೆದಿದ್ದೀರಿ. ಮಡಿಗೊಂದು ಮುಗಿತಾಯವಿದೆ: ಸ್ನಾನವಾಯಿತು, ಪೂಜೆಯಾಯಿತು, ಅಲ್ಲಿಗೆ ಸರಿ. ಮಗುವಿನ ಭಯಕ್ಕೆ ಆ 'ಅಲ್ಲಿಗೆ ಸರಿ' ಬರುವುದೇ ಇಲ್ಲ. ಅಜ್ಜಿಯನ್ನು ದೂರಬೇಡಿ, ಜೊತೆಗೆ ಸೇರಿಸಿಕೊಳ್ಳಿ.

ಮೊದಲು ಮಗಳನ್ನು ಕೂರಿಸಿಕೊಂಡು ಒಂದು ಪಟ್ಟಿ ಬರೆಯಿರಿ. ಯಾವುದನ್ನು ಮುಟ್ಟಿದರೆ ಎಷ್ಟು ಭಯ, ಹತ್ತಕ್ಕೆ ಎಷ್ಟು ಅಂಕ, ಅವಳೇ ಹೇಳಲಿ. ಬಾಗಿಲ ಚಿಲಕಕ್ಕೆ 3, ಬಸ್ಸಿನ ಕಂಬಿಗೆ 6, ಕೊಟ್ಟಿಗೆಯ ಹಗ್ಗಕ್ಕೆ 8 ಎನ್ನಬಹುದು. 3ರಿಂದ ಶುರು. ಚಿಲಕ ಮುಟ್ಟಬೇಕು, ಐದು ನಿಮಿಷ ತೊಳೆಯಬಾರದು. ಭಯ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ನಡುನಡುವೆ 'ಈಗೆಷ್ಟು?' ಎಂದಷ್ಟೇ ಕೇಳಿ. ದಿನವೂ ಅದೇ ಚಿಲಕ. ಹೊತ್ತನ್ನು ಹತ್ತು, ಇಪ್ಪತ್ತು ನಿಮಿಷಕ್ಕೆ ಏರಿಸುತ್ತಾ ಹೋಗಿ, ಅದು ಸಲೀಸಾದ ಮೇಲೆ ಮುಂದಿನದು. ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾಳೇನೋ ನೋಡಿ, ಅದೂ ತೊಳೆದಂತೆಯೇ ಲೆಕ್ಕ. ಹಿಂದಿನಿಂದ ಬಂದು ಕೈ ಹಿಡಿದು ಮುಟ್ಟಿಸುವ ತಮಾಷೆ ಮಾತ್ರ ಯಾರೂ ಮಾಡಕೂಡದು, ಅಪ್ಪನಂತೂ ಬೇಡವೇ ಬೇಡ.

ನಿಮ್ಮ ಪಾಲಿನ ಕೆಲಸ ಇದಕ್ಕಿಂತ ಕಷ್ಟದ್ದು. 'ಅಮ್ಮಾ, ಕ್ರಿಮಿ ಇದೆಯಾ?' ಎಂದಾಗಲೆಲ್ಲ 'ಏನೂ ಇಲ್ಲ ಪುಟ್ಟಿ' ಎನ್ನುತ್ತೀರಲ್ಲ, ಆ ಮಾತೂ ಸೋಪಿನ ಕೆಲಸವನ್ನೇ ಮಾಡುತ್ತದೆ. ಒಂದು ಸಲ ಉತ್ತರಿಸಿ. ಮತ್ತೆ ಕೇಳಿದರೆ, 'ಇದು ನಿನ್ನ ಹೆದರಿಕೆ ಕೇಳ್ತಿರೋ ಪ್ರಶ್ನೆ, ನಾನು ಹೇಳಿದ್ರೆ ಅದು ಇನ್ನೊಂದು ಕೇಳುತ್ತೆ. ಬಾ, ಬಟಾಣಿ ಸುಲಿಯೋಣ' ಎನ್ನಿ. ತಟ್ಟೆ ಒಂದೇ ಸಲ ತೊಳೆಯುವುದು ಎಂದು ಮೊದಲೇ ಅವಳಿಗೆ ತಿಳಿಸಿ, ಇಂಥ ದಿನದಿಂದ ಎಂದೂ ಹೇಳಿ. ಮೊದಮೊದಲು ಅಳು, ರಂಪ ಜಾಸ್ತಿಯೇ ಆಗುತ್ತದೆ. ಗಂಟೆಗಟ್ಟಲೆ ಅತ್ತ ಮೇಲೆ ಸೋತು ತೊಳೆದುಕೊಟ್ಟರೆ, ಗಂಟೆಗಟ್ಟಲೆ ಅಳಬೇಕು ಎಂದೇ ಕಲಿಯುತ್ತಾಳೆ. ಆದ್ದರಿಂದ ಮನೆಯವರೆಲ್ಲ ಪಟ್ಟಾಗಿ ನಿಲ್ಲಬಲ್ಲ ಒಂದೇ ಒಂದು ವಿಷಯ ಹಿಡಿಯಿರಿ.

ಊಟಕ್ಕೆ ಮುಂಚೆ, ಶೌಚದ ನಂತರ, ಕೈ ಕಣ್ಣಿಗೆ ಕಾಣುವಷ್ಟು ಕೊಳೆಯಾದಾಗ ಸೋಪು ಹಾಕಿ 20 ಸೆಕೆಂಡು ತೊಳೆಯಲಿ, ಅಷ್ಟು ಸಾಕು. ಬಿರಿದ ಕೈಗೆ ಹಂಡೆಯ ಬಿಸಿನೀರು ಬೇಡ. ಉಜ್ಜದೆ ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ಒರೆಸಿ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ.

ಹಾಸನದ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ಅಗತ್ಯ ಬಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಾತ್ರೆ ಬರೆದರೆ ಗಾಬರಿ ಬೇಡ, ಅದು ನಿದ್ದೆ ಮಾತ್ರೆಯಲ್ಲ. ಗುಣ ಕಾಣಲು ವಾರಗಟ್ಟಲೆ ಬೇಕು, ನೀವಾಗಿ ನಿಲ್ಲಿಸಬಾರದು. ಈ ಭಯ ಗಂಟಲು ನೋವು, ಜ್ವರದ ಬೆನ್ನಲ್ಲೇ ಎರಡು ಮೂರು ದಿನದಲ್ಲಿ ದಿಢೀರನೆ ಶುರುವಾಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ.

ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡಿರುವುದನ್ನು ಮಾತ್ರ ಪಟ್ಟಿಯ ಸರದಿಗೆ ಕಾಯಿಸಬೇಡಿ, ಮೂತ್ರದ ಸೋಂಕಾದೀತು. ನಾಳೆಯೇ ಟೀಚರ್ ಹತ್ತಿರ ಮಾತಾಡಿ. ಬೆಲ್ ಹೊಡೆಯುವ ಮುಂಚೆ, ಗದ್ದಲವಿಲ್ಲದಾಗ, ಗೆಳತಿಯ ಜೊತೆ ಕಳಿಸಲಿ. ಬಂದ ಮೇಲೆ ಒಂದೇ ಸಲ ಕೈ ತೊಳೆಯಲಿ.